ಹತ್ತು ಸಾವಿರ ಹೆಜ್ಜೆಯ ಸುತ್ತೋಲೆ

ನಮ್ಮ ವಿಶ್ವವಿದ್ಯಾಲಯಕ್ಕೆ (ಹೆಸರು ಬೇಡ, ನನ್ನ ಪಿಂಚಣಿ ಇನ್ನೂ ಅವರ ಕೈಯಲ್ಲಿದೆ) ನೌಕರರ ಆರೋಗ್ಯದ ಚಿಂತೆ ಹತ್ತಿದೆ. ಶುಗರ್, ಬಿಪಿ, ಹಾರ್ಟು, ಯಾವುದೂ ನಮ್ಮ ಹತ್ತಿರ ಸುಳಿಯಬಾರದಂತೆ. ಸುತ್ತೋಲೆ ಬಂದಿದೆ. ಮುಂಬೈಯ ಆಫೀಸುಗಳಲ್ಲಿ ಈಗ ಇದೇ ಹಾಡು, ನಿಮ್ಮಲ್ಲಿಗೂ ಬಂದಿರುತ್ತೆ. ಎಲ್ಲರೂ ಮೊಬೈಲಿಗೆ ಆ್ಯಪ್ ಹಾಕಿಕೊಂಡು ದಿನಕ್ಕೆ 10,000 ಹೆಜ್ಜೆ ನಡೆಯಬೇಕು.

ಈ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಡಾಕ್ಟರು ಲೆಕ್ಕ ಹಾಕಿ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟಿತು. ಅದಕ್ಕಿಟ್ಟ ಹೆಸರು ‘ಮಾನ್‌ಪೊಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಜಾಹೀರಾತಿಗೆ ಅರವತ್ತು ವರ್ಷದ ಮೇಲೆ ನಮ್ಮ ಕುಲಸಚಿವರು ಸೀಲು ಒತ್ತಿದ್ದಾರೆ.

ನಡೆಯುವುದು ಒಳ್ಳೆಯದೇ, ತಕರಾರಿಲ್ಲ. ಆದರೆ ನಾನು ಡೊಂಬಿವಲಿಯಿಂದ ಬರುವವನು. ನಮ್ಮ ಲೋಕಲ್ ಗರ್ದಿಗೆ ರೈಲ್ವೆಯವರೇ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಅಂತ ನಾಮಕರಣ ಮಾಡಿದ್ದಾರೆ, ಚದರ ಮೀಟರಿಗೆ 14ರಿಂದ 16 ಮಂದಿ. ಅದರಲ್ಲಿ ಒಂದು ಗಂಟೆ ಒಂಟಿ ಕಾಲಲ್ಲಿ ನಿಂತು ಬಂದರೆ ಆ್ಯಪ್ ಸೊನ್ನೆ ತೋರಿಸುತ್ತದೆ. ದಾದರ್ ಬ್ರಿಜ್ಜಿನ ಮೇಲೆ ಮಾತ್ರ ಗಬಕ್ಕನೆ ಮುನ್ನೂರು ಏರಿತು. ಅದೂ ನಾನು ನಡೆದದ್ದಲ್ಲ, ಹಿಂದಿನವರು ದೂಡಿದ್ದು.

ತಪಾಸಣೆ ಶಿಬಿರ ಇಟ್ಟದ್ದು ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಗಣಪತಿ ಹಬ್ಬದಿಂದಲೂ ಕೆಟ್ಟಿದೆ. ಹತ್ತಿ ಹೋಗಿ ಏದುಸಿರು ಬಿಡುತ್ತಾ ತೋಳು ಕೊಟ್ಟೆ. 156/98. 140/90 ದಾಟಿದವರಿಗೆಲ್ಲ ಕೆಂಪು ಚೀಟಿ.

‘ಟೆನ್ಷನ್ ಕಡಿಮೆ ಮಾಡ್ಕೊಳ್ಳಿ ಅಂಕಲ್’ ಅಂದಳು ಹುಡುಗಿ.

‘ನಾನು ಪರೀಕ್ಷಾ ವಿಭಾಗದವನಮ್ಮಾ’ ಅಂದೆ.

ರಿಸಲ್ಟ್ ತಡವಾಗಿ ಗೇಟಿನಲ್ಲಿ ಹುಡುಗರು ಧಿಕ್ಕಾರ ಕೂಗುತ್ತಿದ್ದರು. ನಮ್ಮ ವಿಭಾಗದಲ್ಲಿ ಒಂಬತ್ತು ಕುರ್ಚಿ, ನಾಲ್ಕು ಜನ. ಉಳಿದ ಐದು ಕುರ್ಚಿಗಳಿಗೆ ಶುಗರ್ರೂ ಇಲ್ಲ, ಬಿಪಿಯೂ ಇಲ್ಲ. ವರದಿಯಲ್ಲಿ ಅವನ್ನೂ ಸೇರಿಸಿಕೊಂಡರೆ ಅರ್ಧಕ್ಕಿಂತ ಜಾಸ್ತಿ ಸಿಬ್ಬಂದಿ ಆರೋಗ್ಯವಾಗಿದ್ದಾರೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2016ರಲ್ಲಿ ಇಂಥದ್ದೇ ಕಾರ್ಯಕ್ರಮ ಶುರು ಮಾಡಿದರು. ಆದರೆ ಸುಮಾರು 5,000 ನೌಕರರನ್ನು ಚೀಟಿ ಎತ್ತಿದ ಹಾಗೆ ಬೇರೆ ಮಾಡಿ, ಕೆಲವರನ್ನು ಹೊರಗಿಟ್ಟು, ಹೋಲಿಸಿ ನೋಡಿದರು. ಆಸ್ಪತ್ರೆ ಖರ್ಚು ಇಳಿಯಲಿಲ್ಲ, ಜಿಮ್ಮಿಗೆ ಹೋಗುವವರೂ ಹೆಚ್ಚಲಿಲ್ಲ. ಮುಂದೆ ಬಂದು ಸೇರಿದವರು ಮೊದಲಿನಿಂದಲೇ ಗಟ್ಟಿಮುಟ್ಟಾಗಿದ್ದವರು. ನಮ್ಮಲ್ಲೂ ಅಷ್ಟೇ. ಹೆಜ್ಜೆ ಸ್ಪರ್ಧೆಯ ಮೊದಲ ಬಹುಮಾನ ಹೋದದ್ದು ಕ್ಯಾಂಪಸ್ ಕ್ವಾರ್ಟರ್ಸಿನಲ್ಲಿದ್ದು ದಿನಾ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡುವ ಪ್ರೊಫೆಸರಿಗೆ. ಕೊಟ್ಟದ್ದು ಒಂದು ಡಬ್ಬ ಪೇಢೆ.

ನಮ್ಮ ಮಹಡಿ ಗುಡಿಸುವ ಅಕ್ಕ ಕಲಬುರಗಿ ಕಡೆಯವಳು. ಹನ್ನೊಂದು ವರ್ಷದಿಂದ ಗುತ್ತಿಗೆ ಮೇಲೇ ಇದ್ದಾಳೆ. ಕಾಲಿನ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ಶಿಬಿರಕ್ಕೆ ಹೋದಳು. ಪಟ್ಟಿಯಲ್ಲಿ ಹೆಸರಿಲ್ಲ, ಕಾಯಂ ನೌಕರರಿಗೆ ಮಾತ್ರ ಅಂತ ವಾಪಸ್ ಕಳಿಸಿದರು. ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲೋಣ ಅಂದರೆ ಆ ದಿನದ ಪಗಾರ ಕಟ್. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಬೇಕಿತ್ತು, ಅಷ್ಟೇ. ಒಂದು ನಿಮಿಷದ ಕೆಲಸ. ಅಷ್ಟು ಮಾಡೋಕೆ ಏನು ರೋಗ ಇವರಿಗೆ? ಬ್ಯಾನರಿಗೆ ದುಡ್ಡಿದೆ, ಟೀ ಶರ್ಟಿಗೆ ದುಡ್ಡಿದೆ. ಇದನ್ನು ತಮಾಷೆಯಾಗಿ ಬರೆಯೋಣ ಅಂತ ಎರಡು ಸಲ ನೋಡಿದೆ, ಆಗಲಿಲ್ಲ.

‘ಕಾಯಂ ಆದ್ರ ಅಷ್ಟೇ ಶುಗರ್ ನೋಡ್ತಾರಂತ್ರೀ ಸಾಹೇಬ್ರ’ ಅಂತ ಅವಳೇ ನಕ್ಕಳು. ಶಿಬಿರದವರು ಬಟಾಟೆ ವಡೆ ತಿಂದು ಬಿಟ್ಟ ಪ್ಲೇಟುಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿದ್ದಳು. ಎಡಗಾಲಿನ ಚಪ್ಪಲಿಯ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದುಕೊಂಡಿದ್ದಳು, ಹೆಬ್ಬೆರಳಿಗೆ ತಾಗದ ಹಾಗೆ.