ಭಂಗಾರದ ಪೆಟ್ಟಿಗೆ

ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಿಗೆ ಮಹಾಪ್ರಾಣದ ಬೆಲೆಯನ್ನು ವ್ಯಾಕರಣದ ಮಾಸ್ತರರು ಹೇಳಿಕೊಡಬೇಕಾಗಿಲ್ಲ. ಬ ಹಚ್ಚಿದರೆ ಬಂಗಾರ, ಭ ಹಚ್ಚಿದರೆ ಭಂಗಾರ. ಮೊದಲಿನದನ್ನು ಸರಾಫ ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ, ಎರಡನೆಯದನ್ನು ಗುಜರಿಯವ ಕಿಲೋ ಲೆಕ್ಕದಲ್ಲಿ. ನನ್ನ ಹೆಂಡತಿ ಹದಿನಾರು ವರ್ಷದಿಂದ ಮೊದಲಿನದನ್ನು ಕೇಳುತ್ತ ಬಂದಿದ್ದಾಳೆ. ಜೂನ್ ತಿಂಗಳ ಒಂದು ರವಿವಾರ ನಾನು ಎರಡನೆಯದನ್ನು ತಂದೆ.

ಖಾಸಬಾಗದ ಸಂತೆಗೆ ಹೋಗಿದ್ದು ಮೆಂತೆಪಲ್ಲೆ ತರಲಿಕ್ಕೆ. ದಾರಿಯಲ್ಲಿ ಹಳೇ ಸಾಮಾನಿನ ರಾಶಿಯೊಳಗೆ, ತುಕ್ಕು ಹಿಡಿದ ಹೊಲಿಗೆ ಯಂತ್ರ ಮತ್ತು ಒಂಟಿ ಕಾಲಿನ ಟೇಬಲ್ ಫ್ಯಾನಿನ ನಡುವೆ, ಕಂಪ್ಯೂಟರಿನ ಕ್ಯಾಬಿನೆಟ್ ಒಂದು ನಿಂತಿತ್ತು. ಊರ ಮಂದಿ 'ಸಿಪಿಯು' ಅನ್ನುತ್ತಾರಲ್ಲ, ಆ ತಗಡಿನ ಪೆಟ್ಟಿಗೆ. ಬಡಿದು ನೋಡಿದೆ. ಈಗಿನ ಪಾಪಡದಂಥ ತಗಡಲ್ಲ, ಕೈಗೆ ಭಾರ ಹತ್ತುವ ಹಳೇ ಕಾಲದ ತಗಡು.

"ಎಷ್ಟ ಕೊಡೂನ್ರಿ?"

"ತೂಗಿ ಬಿಡೂನು."

ಕಂಪ್ಯೂಟರನ್ನು ತಕ್ಕಡಿಯಲ್ಲಿ ತೂಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಎಂಟು ಕಿಲೋ, ಮೂವತ್ತರಂತೆ 240 ರೂಪಾಯಿ. "ಒಳಗಿನ ಕರೆಂಟ್ ಸಪ್ಲೈ ಸತ್ತೈತಿ, ಅದನ್ನ ತಗದು ತೂಗ್ರಿ" ಅಂದೆ. "ಸತ್ತದ್ದಕ್ಕ ಬೆಲಿ ಜಾಸ್ತಿ ಸಾಹೇಬ್ರ, ಅದರಾಗ ತಾಂಬ್ರ ಐತಿ" ಅಂದ. ಮನೆಗೆ ಬಂದು ಬಿಚ್ಚಿದಾಗ ಸಿ.ಡಿ. ಹಾಕುವ ಜಾಗದಿಂದ ಯಾವುದೋ ಕೂಸು ಕಾಣಿಕೆ ಹಾಕಿದ ಮೂರೂವರೆ ರೂಪಾಯಿ ಬಿತ್ತು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವ. ಹೊಸ ವಹಿಯಲ್ಲಿ 'ಕ್ಯಾಬಿನೆಟ್ ಖಾತೆ' ಅಂತ ತೆಗೆದು ಖರೀದಿ 236 ರೂಪಾಯಿ 50 ಪೈಸೆ ಎಂದು ಬರೆದೆ. ಆ ಖಾತೆಯಲ್ಲಿ ಜಮಾ ಕಡೆ ಬಿದ್ದ ರೊಕ್ಕ ಅದೊಂದೇ.

ಮೆಂತೆಪಲ್ಲೆ ಮರೆತಿದ್ದೆ.

ಇದೇನು ಹುಚ್ಚು ಅಂತ ಕೇಳಬಹುದು. ರಾತ್ರಿ ಹೊತ್ತು ಮೊಬೈಲಿನಲ್ಲಿ ಹೊರದೇಶದವರು ಹಳೇ ಕ್ಯಾಬಿನೆಟ್ ಉಜ್ಜಿ, ಕೊರೆದು, ಬಣ್ಣ ಬಳಿದು ಹೊಸದು ಮಾಡುವುದನ್ನು ನೋಡಿ ಹತ್ತಿದ ಚಟ. ಅವರಿಗೆ ಗ್ಯಾರೇಜು ಇರುತ್ತದೆ, ಕೈಗವಸು ಇರುತ್ತದೆ, ಹಿಂದೆ ಸಣ್ಣಗೆ ಸಂಗೀತ ಇರುತ್ತದೆ. ನಮಗಿರುವುದು ಹಿತ್ತಲು, ಅಲ್ಲಿ ಅವ್ವನ ನೀರೊಲೆ, ಹಿನ್ನೆಲೆಗೆ ಅವ್ವ. ಆದರೆ ವಿಷಯದಲ್ಲಿ ಸತ್ವ ಇತ್ತು. 1995ರಲ್ಲಿ ಇಂಟೆಲ್‌ನವರು ಎಟಿಎಕ್ಸ್ ಎಂಬ ಅಳತೆ ಮಾಡಿದರು: ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡು, 305 ಗುಣಿಲೆ 244 ಮಿಲಿಮೀಟರು, ಸ್ಕ್ರೂ ಎಲ್ಲೆಲ್ಲಿ ಬೀಳಬೇಕು ಎಂಬುದೂ ನಿಶ್ಚಿತ. ಆವತ್ತಿನಿಂದ ಇವತ್ತಿನವರೆಗೆ ಹಳೇ ಪೆಟ್ಟಿಗೆಯಲ್ಲಿ ಹೊಸ ಬೋರ್ಡು ತೂತಿಗೆ ತೂತು ಕೂಡುತ್ತದೆ. ನನ್ನ ಮಗಳ ಜಾತಕ ಮುಂದೆ ಇಷ್ಟು ಸಲೀಸಾಗಿ ಕೂಡಿದರೆ ಸಾಕು.

ಅವ್ವ ಹುಬ್ಬಳ್ಳಿಯ ಸೋದರಮಾವನಿಗೆ ಫೋನಿನಲ್ಲಿ, "ಅಂವಾ ಈಗ ಕ್ಯಾಬಿನೆಟ್ ಕೆಲಸದಾಗ ಅದಾನಪಾ, ಊಟಕ್ಕೂ ಪುರಸತ್ತಿಲ್ಲ" ಅಂದುಬಿಟ್ಟಳು. ಸುವರ್ಣ ವಿಧಾನಸೌಧ ಇರುವ ಊರು, ಮಾವ ನಂಬಿದ. ಮರುದಿನ ಫೋನ್ ಮಾಡಿ, ಅಳಿಯನ ವರ್ಗಾವಣೆ ಆಗುವ ಹಂಗ ಏನಾರೆ ಮಾಡು ಅಂದ. ಇದು ತಗಡಿನ ಕ್ಯಾಬಿನೆಟ್ ಮಾಮಾ ಅಂತ ಹೇಳಿದರೆ, "ಎಲ್ಲಾ ಹಂಗ ಅಂತಾರ ತಗೋ" ಅಂತ ಸಿಟ್ಟಾದ.

ಮೊದಲ ಕೆಲಸ ಉಜ್ಜುವುದು. ಹಾರ್ಡವೇರ್ ಅಂಗಡಿಯಿಂದ 180, 320, 600 ನಂಬರಿನ ಪಾಲಿಶ್ ಪೇಪರ್ ತಂದು ಎರಡು ವಾರ ಉಜ್ಜಿದೆ. ಹಳೇ ಬಣ್ಣ ಹೋಗಿ ಒಳಗಿನ ತಗಡು ಬೆಳ್ಳಗೆ ಕಂಡಾಗ ತಡೆಯಲಾಗಲಿಲ್ಲ, ಮನೆಯ ಕಂಪ್ಯೂಟರನ್ನು ಬಿಚ್ಚಿ ಸಪ್ಲೈ ಸಮೇತ ಇದರೊಳಗೆ ಕೂರಿಸಿ ಹಚ್ಚಿಯೇ ಬಿಟ್ಟೆ. ಹೆಂಡತಿ ಹಸಿ ಅರಿವೆಯಿಂದ ನೆಲ ಒರೆಸುತ್ತ ಬಂದವಳು ಮೊಣಕೈ ತಾಗಿಸಿದಳು. "ಅಯ್ಯಯ್ಯೋ, ಜುಮ್ ಅಂತರೀ ಇದು!" ಅಂತ ಹಾರಿ ಬಾಗಿಲಿಗೆ ಹೋಗಿ ನಿಂತಳು. ನಾನು ಮುಟ್ಟಿದೆ. ರಬ್ಬರಿನ ಚಪ್ಪಲಿ ಹಾಕಿದ್ದೆ, ಏನೂ ಆಗಲಿಲ್ಲ. "ಏನಿಲ್ಲ, ನಿನ್ನ ಭ್ರಮಾ" ಅಂದೆ. ಸಂಸಾರದಲ್ಲಿ ಅನ್ನಬಾರದ ಮಾತುಗಳ ಪಟ್ಟಿಯಲ್ಲಿ ಇದು ಮೇಲಿನದು. "ಚಪ್ಪಲಿ ಬಿಟ್ಟು ಮುಟ್ರಿ" ಅಂದಳು. ಬಿಟ್ಟು ಮುಟ್ಟಿದೆ. ನಾನೂ ಬಾಗಿಲಿಗೆ ಹೋಗಿ ನಿಂತೆ.

ವಾಯರಿಂಗ್ ಮಾಡುವ ಹುಡುಗ ಬಂದು ಕೇಳಿದ ಒಂದೇ ಪ್ರಶ್ನೆ: "ಮನ್ಯಾಗ ಅರ್ಥಿಂಗ್ ಐತೇನ್ರಿ?" ಸಂಗತಿ ಹೀಗೆ. ಕಂಪ್ಯೂಟರಿನ ಸಪ್ಲೈ ಒಳಗೆ ಕರೆಂಟಿನ ಗದ್ದಲ ಸೋಸುವ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಎರಡೂ ತಂತಿಯಿಂದ ಪೆಟ್ಟಿಗೆಯ ಮೈಗೆ ಕೂಡಿರುತ್ತವೆ. ಅರ್ಥಿಂಗ್ ಇದ್ದರೆ ಸೋಸಿದ್ದು ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಪೆಟ್ಟಿಗೆಯ ಮೈಮೇಲೆಯೇ ಕುಂತಿರುತ್ತದೆ. ಹರಿಯುವುದು ಅತಿ ಕಡಿಮೆಯಾದ್ದರಿಂದ ಜುಮ್ ಅನ್ನಿಸಿ ಬಿಡುತ್ತದೆ. ಅಂದರೆ ಇಷ್ಟು ವರ್ಷ ನಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ ಎಂಬ ಗುಟ್ಟನ್ನು ಹಳೇ ಕ್ಯಾಬಿನೆಟ್ಟಿನ ಬಣ್ಣ ಕಾಪಾಡಿಕೊಂಡು ಬಂದಿತ್ತು. ನಾನು ಉಜ್ಜಿ ಉಜ್ಜಿ ಬಯಲಿಗೆ ತಂದೆ.

"ಅರ್ಥಿಂಗ್ ಇಲ್ದ ಏನು? ನಿಮ್ಮಪ್ಪ ಮನೀ ಕಟ್ಟಿದಾಗ ಉಪ್ಪು-ಇದ್ದಲಿ ಹಾಕಿ ತೆಗ್ಗ ತೋಡಿಸಿದ್ದ" ಅಂತ ಅವ್ವ ಸಾಕ್ಷಿ ನುಡಿದಳು. ಹುಡುಕಿದರೆ, ಆ ತಗ್ಗಿನ ಮೇಲೆ ಅವ್ವನದೇ ತುಳಸಿಕಟ್ಟೆ ಇತ್ತು. ಕಟ್ಟೆ ಕಟ್ಟುವಾಗ ಗೌಂಡಿ ತಂತಿ ಕತ್ತರಿಸಿ ಸುತ್ತಿ ಬದಿಗಿಟ್ಟಿದ್ದ. ತುಳಸಿಯನ್ನು ಎಬ್ಬಿಸುವ ಮಾತೇ ಇಲ್ಲ. ಹೊಸ ತಗ್ಗು, ಹೊಸ ತಂತಿ, 2,800 ರೂಪಾಯಿ. ಯಾವ ಖಾತೆಗೆ ಹಾಕುವುದು ಅಂತ ಒಂದು ರಾತ್ರಿ ಯೋಚಿಸಿ 'ಮನೆ ದುರಸ್ತಿ'ಗೆ ಹಾಕಿದೆ. ಹೆಂಡತಿ ವಹಿ ತೆಗೆದು ನೋಡಿ, ಅದನ್ನು ಹೊಡೆದು, ತನ್ನ ಕೈಯಾರೆ ಕ್ಯಾಬಿನೆಟ್ ಖಾತೆಗೆ ಬರೆದಳು. ನಮ್ಮ ಸೊಸೈಟಿಗೆ ಇಂಥ ಆಡಿಟರ್ ಇನ್ನೂ ಬಂದಿಲ್ಲ.

ಇನ್ನು ತೂತು. ಬಿಸಿ ಗಾಳಿ ಮೇಲಕ್ಕೇರುತ್ತದೆ, ಆದ್ದರಿಂದ ನೆತ್ತಿಯ ಮೇಲೆ 120 ಮಿಲಿಮೀಟರಿನ ಫ್ಯಾನು ಕೂರಿಸಬೇಕು ಎಂಬುದು ನನ್ನ ಯೋಜನೆ. ವೃತ್ತ ಎಳೆಯಲು ಮಗನ ಕಂಪಾಸು ಸಾಲಲಿಲ್ಲ, ಉಪ್ಪಿನಕಾಯಿ ಬರಣಿಯ ಮುಚ್ಚಳ ಸರಿಹೋಯಿತು. ಗೆರೆಯುದ್ದಕ್ಕೂ ಡ್ರಿಲ್ಲಿನಿಂದ ಸಾಲಾಗಿ ತೂತು ಹಾಕಿ, ನಡುವಿನ ತಗಡನ್ನು ಛಾಣಿಯಿಂದ ಬಡಿದು ತೆಗೆದೆ. ಮುಚ್ಚಳ ದುಂಡಗಿತ್ತು, ನಾನು ಎಳೆದ ಗೆರೆಯೂ ದುಂಡಗಿತ್ತು, ಬಂದ ತೂತು ಮಾತ್ರ ಕೋಳಿಮೊಟ್ಟೆಯಂತೆ ಬಂತು. ಮೇಲಿಂದ ಸ್ಕ್ರೂ ತೂತುಗಳನ್ನು 120 ಮಿಲಿಮೀಟರ್ ಅಂತರದಲ್ಲಿ ಹಾಕಿದ್ದೆ. 120 ಅನ್ನುವುದು ಫ್ಯಾನಿನ ಅಗಲ. ಸ್ಕ್ರೂಗಳ ನಡುವಿನ ಅಂತರ 105. ಇದನ್ನು ಮಗ ಫ್ಯಾನಿನ ಡಬ್ಬಿಯ ಮೇಲಿಂದ ಓದಿ ಹೇಳಿದ, ನಾಲ್ಕೂ ತೂತು ಬಿದ್ದ ಮೇಲೆ. ಒಟ್ಟು ಎಂಟು ತೂತು, ಒಂದು ಮೊಟ್ಟೆ. ಮುಚ್ಚಲಿಕ್ಕೆ ಏನಾದರೂ ಬೇಕಲ್ಲ ಅಂತ ಪೇಟೆಯೆಲ್ಲ ತಿರುಗಿ ಕೊನೆಗೆ ತಂದದ್ದು ಬಚ್ಚಲಿಗೆ ಹಾಕುವ ಆರಿಂಚಿನ ಸ್ಟೀಲಿನ ಜಾಳಿ. ಎಲ್ಲ ಪಾಪವನ್ನೂ ಮುಚ್ಚಿತು. ನೋಡಿದವರು "ಇದು ಬಚ್ಚಲ ಜಾಳಿ ಅಲ್ಲೇನ್ರಿ" ಅಂದರೆ ಅಲ್ಲ ಅನ್ನುತ್ತೇನೆ.

ಮುಂದಿನ ಪ್ಲಾಸ್ಟಿಕ್ ಮುಖ ಹಳದಿಯಾಗಿತ್ತು. ಬೆಂಕಿ ಹತ್ತಬಾರದೆಂದು ಆ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಬೆರೆಸುತ್ತಿದ್ದರು, ವರ್ಷಗಳ ಬೆಳಕು ಬಿದ್ದು ಹೀಗಾಗುತ್ತದೆ ಅನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಕೂದಲಿನ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಹಚ್ಚಿದೆ, ಸುತ್ತಿದೆ, ಮಾಳಿಗೆ ಮೇಲಿಟ್ಟೆ. ಆದರೆ ಅಷ್ಟರಲ್ಲಿ ಜುಲೈ ಬಂದಿತ್ತು. ಜುಲೈನಲ್ಲಿ ಬೆಳಗಾವಿಗೆ ಬಿಸಿಲು ಬರುವುದು ಬೀಗರು ಬಂದಂತೆ: ಹೇಳಿ ಬರುವುದಿಲ್ಲ, ಬಂದರೂ ಚಹಾ ಕುಡಿಯುವಷ್ಟು ಹೊತ್ತು. ನಾಲ್ಕು ದಿನಕ್ಕೆ ಮುಖ ಪಟ್ಟೆಪಟ್ಟೆಯಾಯಿತು.

ಬಣ್ಣದ ಕಥೆ ಇನ್ನೂ ಚಂದ. ಕರಿಬಣ್ಣದ ಸ್ಪ್ರೇ ಡಬ್ಬಿ ತಂದು, ಚೆನ್ನಾಗಿ ಅಲುಗಾಡಿಸಿ, ಒಂದು ಗೇಣು ದೂರದಿಂದ ತೆಳ್ಳಗೆ ಮೂರು ಕೈ ಹೊಡೆದೆ. ಸಂಜೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆ ಮೈತುಂಬ ವಿಭೂತಿ ಬಳಿದುಕೊಂಡು ನಿಂತಿತ್ತು. ಬಣ್ಣದೊಳಗಿನ ಥಿನ್ನರ್ ಆರುವಾಗ ತಗಡಿನ ಮೈ ತಂಪಾಗುತ್ತದಂತೆ, ಗಾಳಿಯ ಪಸೆ ಅಲ್ಲೇ ಇಳಿದು ಬಣ್ಣದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದಂತೆ. ಅಂದರೆ ಮಳೆಗಾಲದಲ್ಲಿ ಬಣ್ಣ ಹೊಡೆಯಬಾರದು. ಇದನ್ನು ಡಬ್ಬಿಯ ಹಿಂದೆ ಇರುವೆ ಅಕ್ಷರದಲ್ಲಿ ಬರೆದಿದ್ದರು. ಮತ್ತೆ ಉಜ್ಜಿದೆ, ಮತ್ತೆ ಹೊಡೆದೆ, ಮತ್ತೆ ವಿಭೂತಿ. "ಬಿಡ್ರಿ, ಅದಕ್ಕ ವೈರಾಗ್ಯ ಬಂದೈತಿ" ಅಂದಳು ಹೆಂಡತಿ.

ಉದ್ಯಮಬಾಗದಲ್ಲಿ ಪೌಡರ್ ಕೋಟಿಂಗ್ ಮಾಡುತ್ತಾರೆ ಅಂತ ನೆನಪಾಯಿತು. ಪುಡಿಬಣ್ಣ ಸಿಂಪಡಿಸಿ, 200 ಡಿಗ್ರಿಯ ಆಸುಪಾಸಿನ ಭಟ್ಟಿಯಲ್ಲಿ ಬೇಯಿಸುವುದು, ಮಳೆಗಿಳೆಗೆ ಸಂಬಂಧವಿಲ್ಲ. ಸ್ಕೂಟರಿನ ಮೇಲೆ ತಗಡುಗಳನ್ನು ಕಟ್ಟಿಕೊಂಡು ಹೋದೆ.

"ಎಷ್ಟ ಪೀಸ್ ಅದಾವ್ರಿ?"

"ಒಂದು."

"ಒಂದ ಸಾವಿರೇನ್ರಿ?"

"ಅಲ್ರಿ. ಬರೇ ಒಂದು."

ಅವರು ನಗಲಿಲ್ಲ, ಚಹಾ ತರಿಸಿ ಕುಡಿಸಿ ಕಳಿಸಿದರು. ಅದು ನಗುವುದಕ್ಕಿಂತ ಕೆಟ್ಟದ್ದು.

ತಿರುಗಿ ಬರುವಾಗ ನಮ್ಮ ಗಲ್ಲಿಯ ಮೂರ್ತಿಕಾರನ ತಾಡಪಾಲಿನ ಚಪ್ಪರ ಕಂಡಿತು. ಗಣಪತಿ ಹಬ್ಬಕ್ಕೆ ತಿಂಗಳಿತ್ತು. ತಿಲಕರ ಕಾಲದಿಂದ ಸಾರ್ವಜನಿಕ ಗಣಪತಿಯನ್ನು ತಲೆಯ ಮೇಲೆ ಹೊತ್ತ ಊರಿದು. ಆ ತಿಂಗಳಲ್ಲಿ ಮೂರ್ತಿಕಾರನ ಮುಂದೆ ಜಿಲ್ಲಾಧಿಕಾರಿಗೂ ಕುರ್ಚಿ ಸಿಗುವುದಿಲ್ಲ. ಒಳಗೆ ದೊಡ್ಡ ದೊಡ್ಡ ಹ್ಯಾಲೋಜನ್ ದೀಪ ಹಚ್ಚಿ ಗಣಪತಿಗಳನ್ನು ಒಣಗಿಸುತ್ತಿದ್ದ. ಬೆಚ್ಚಗಿತ್ತು. ಅಂಥ ಬೆಚ್ಚನೆಯ ಜಾಗ ಆ ತಿಂಗಳು ಊರಲ್ಲಿ ಮತ್ತೊಂದು ಇರಲಿಲ್ಲ.

"ದಾದಾ, ಇದಕ್ಕೊಂದ ಕೈ ಹೊಡದ ಕೊಡ್ತಿಯೇನು?"

"ಅರೇ, ಕಾಯ್ ಹೇ?" ಅಂತ ತಿರುಗಿಸಿ ನೋಡಿದ. "ಕಂಪ್ಯೂಟರ? ಹಂಗಾರ ಇಲಿ ಎಲ್ಲೈತಿ?"

ಮೌಸು ಮನೆಯಲ್ಲಿದೆ ಅಂದೆ. "ಇಟ್ಟ ಹೋಗ್ರಿ. ಗನ್ನಿನ್ಯಾಗ ಯಾವ ಬಣ್ಣ ಉಳೀತೈತಿ ಅದನ್ನ ಹೊಡಿತೀನಿ, ಆರಿಸಾಕ ಬರಂಗಿಲ್ಲ."

ಮೂರು ದಿನ ಬಿಟ್ಟು ಹೋದೆ. ಒಂಬತ್ತು ಅಡಿಯ ಲಂಬೋದರನ ಪಾದದ ಹತ್ತಿರ ನನ್ನ ಪೆಟ್ಟಿಗೆ ನಿಂತಿತ್ತು. ಗನ್ನಿನಲ್ಲಿ ಉಳಿದದ್ದು ಕಿರೀಟದ ಬಣ್ಣ. ತಗಡು, ಪಟ್ಟೆಪಟ್ಟೆ ಮುಖ, ಬಚ್ಚಲ ಜಾಳಿ, ಎಲ್ಲವೂ ಕಣ್ಣು ಕುಕ್ಕುವ ಚಿನ್ನದ ಬಣ್ಣ. ಮೂರ್ತಿ ನೋಡಲು ಬಂದ ಅಜ್ಜಿಯೊಬ್ಬಳು ಗಣಪನಿಗೆ ಕೈ ಮುಗಿದು, ಪಕ್ಕದಲ್ಲಿದ್ದ ಇದಕ್ಕೂ ಯಾಕೆ ಬಿಡಬೇಕು ಅಂತ ಮುಗಿದಳು. ಮನೆಗೆ ತಂದು ಹೆಂಡತಿಯ ಮುಂದಿಟ್ಟು, "ತಗೋ, ಹದಿನಾರು ವರ್ಷದಿಂದ ಕೇಳಾಕತ್ತಿದ್ದಿ, ಎಂಟು ಕಿಲೋ ಬಂಗಾರ" ಅಂದೆ. ಆ ರಾತ್ರಿ ಊಟಕ್ಕೆ ನಾನೇ ಬಡಿಸಿಕೊಂಡೆ.

ಜೋಡಣೆಗೆ ಒಂದು ಇಡೀ ರವಿವಾರ ಹೋಯಿತು. ಬಣ್ಣದ ದಪ್ಪಕ್ಕೆ ಬದಿಯ ಬಾಗಿಲು ಸರಿಯಲಿಲ್ಲ, ಮೊಂಬತ್ತಿ ಉಜ್ಜಿ ಸರಿಸಿದೆ. ಸಪ್ಲೈ ಕೂರುವ ಸ್ಕ್ರೂಗಳ ಬುಡದಲ್ಲಿ ಬಣ್ಣ ಕೆರೆದು ತಗಡಿಗೆ ತಗಡು ತಾಗಿಸಿದೆ; 2,800 ರೂಪಾಯಿಯ ಅರ್ಥಿಂಗ್ ವ್ಯರ್ಥ ಹೋಗಬಾರದಲ್ಲ. ಖಾತೆ ಮೊತ್ತ 5,914 ರೂಪಾಯಿ 50 ಪೈಸೆಗೆ ನಿಂತಿತು. ಅಷ್ಟಕ್ಕೆ ಅಂಗಡಿಯಲ್ಲಿ ಗಾಜಿನ ಬಾಗಿಲಿನ, ದೀಪ ಮಿನುಗುವ ಹೊಸ ಕ್ಯಾಬಿನೆಟ್ ಬರುತ್ತದೆ ಅಂತ ಮಗ ಹೇಳಲು ಬಂದ. ನಾನು ಕೇಳಿಸಿಕೊಳ್ಳಲಿಲ್ಲ.

ನೆತ್ತಿಯ ಫ್ಯಾನು ಮಾತ್ರ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಜಾಳಿಯಿಂದ ಬೆಚ್ಚನೆಯ ಗಾಳಿ ಒಂದೇ ಸಮನೆ ಬರುತ್ತದೆ. ಇದನ್ನು ಮೊದಲು ಕಂಡುಹಿಡಿದವಳು ಅವ್ವ. ಒಂದು ಮುಂಜಾನೆ ದೇವರ ಮುಂದಿನ ಕಡ್ಡಿಪೆಟ್ಟಿಗೆ ಪಸೆ ಹಿಡಿದಿದೆ ಅಂತ ಜಾಳಿಯ ಮೇಲಿಟ್ಟಳು. ಮರುದಿನ ಹತ್ತಿಯ ಬತ್ತಿ. ಆಮೇಲೆ ಮೊಮ್ಮಕ್ಕಳ ಕಾಲಚೀಲ, ನನ್ನ ಬನಿಯನ್ನು. ಬೆಳಗಾವಿಯ ಮಳೆಗಾಲದಲ್ಲಿ ಒಣಗಿದ ಕಾಲಚೀಲ ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ರಮೇಣ ಅವ್ವ ಇನ್ನೂ ಒಂದು ಸಂಗತಿ ಗಮನಿಸಿದಳು. ನಾನು ಸೊಸೈಟಿಯ ಲೆಕ್ಕ ಬರೆಯುತ್ತ ಕುಂತರೆ ಗಾಳಿ ಉಗುರುಬೆಚ್ಚಗೆ ಬರುತ್ತದೆ. ಮಗ ಗೇಮ್ ಆಡಲು ಕುಂತರೆ ಒಲೆಯ ಹಾಗೆ ಬರುತ್ತದೆ. ವರ್ಷವಿಡೀ "ಆ ಹಾಳ ಆಟ ಬಂದ್ ಮಾಡೋ" ಅನ್ನುತ್ತಿದ್ದ ಬಾಯಿ ಅದು. ನಿನ್ನೆ ಸಂಜೆ ನಾನು ತಿಂಗಳ ಕೊನೆಯ ತಾಳೆಪಟ್ಟಿ ತೆಗೆದು ಕುಂತಿದ್ದೆ. ಅವ್ವ ಬಂದು ಜಾಳಿಯ ಮೇಲೆ ಕೈಯಿಟ್ಟು ನೋಡಿದಳು.

"ತಮ್ಮಾ, ನೀ ಏಳು. ನೀ ಕುಂತ್ರ ಒಂದ ಚೀಲಾನೂ ಒಣಗಂಗಿಲ್ಲ. ಅವನ್ನ ಕಳಸು, ಇನ್ನೊಂದ ತಾಸ ಆಡ್ಲಿ."