ಗಂಡು ಹುಲ್ಲು

ಮೇ ತಿಂಗಳ ರಜೆಗೆ ಬೆಂಗಳೂರಿನಿಂದ ಶಿರಸಿಗೆ ಬಂದ ತಂಗಿಯ ಮಗ ಬ್ಯಾಗಿನಿಂದ ಮೊದಲು ತೆಗೆದದ್ದು ಸೆಂಟಿನ ಒಂದು ಹಸಿರು ಸೀಸೆ. ‘ಮಾವ, ವೆಟಿವರ್. ಗಂಡಸರದು’ ಎಂದ. ಹೆಚ್ಚುಕಡಿಮೆ ಹತ್ತು ಕಿಲೋ ಚಾಲಿ ಅಡಿಕೆಯ ದುಡ್ಡು ಆ ಐವತ್ತು ಎಂಎಲ್‌ನೊಳಗೆ ಕೂತಿತ್ತು. ಮುಂಗೈಗೆ ಫುಸ್ಸೆಂದು ಹೊಡೆದುಕೊಂಡು ನನ್ನ ಮೂಗಿನ ಹತ್ತಿರ ಹಿಡಿದ. ನನಗೆ ಬಾಯಾರಿಕೆಯಾಯಿತು.

ತಪ್ಪು ನನ್ನದಲ್ಲ. ವೆಟಿವರ್ ಎಂದರೆ ನಮ್ಮ ಲಾವಂಚವೇ. ನಮ್ಮ ಮನೆಯ ಮಣ್ಣಿನ ಕೊಡದ ತಳದಲ್ಲಿ ಲಾವಂಚದ ಬೇರಿನ ಒಂದಲ್ಲ ಒಂದು ಸೂಡಿ ನಾನು ಹುಟ್ಟಿದಾಗಿನಿಂದ ಬಿದ್ದುಕೊಂಡಿದೆ. ಆಯಿ ವಾರಕ್ಕೊಮ್ಮೆ ಅದನ್ನು ಹಿಂಡಿ, ಜಗಲಿಯ ಬಿಸಿಲಿಗೆ ಹಾಕಿ, ಮತ್ತೆ ಕೊಡಕ್ಕೆ ಇಳಿಬಿಡುತ್ತಾಳೆ. ಘಮ ಪೂರ್ತಿ ತೀರಿ, ಮುದುಕನ ಗಡ್ಡದಂತಾದ ಮೇಲೆ ಬಚ್ಚಲಿಗೆ ಹೋಗುತ್ತದೆ, ಬೆನ್ನುಜ್ಜಲು. ಸೀಸೆಯ ಡಬ್ಬಿಯ ಮೇಲೆ ‘ಎಲ್ಲ ಸಂದರ್ಭಕ್ಕೂ ಸೈ’ ಎಂದು ಬರೆದಿತ್ತು. ಅಂದರೆ ಕಚೇರಿಗೆ ಮತ್ತು ಮದುವೆಗೆ. ಬೆನ್ನಿನ ಸುದ್ದಿ ಇರಲಿಲ್ಲ.

‘ಮರದ ಘಮ’ ಎಂದೂ ಇತ್ತು. ಲಾವಂಚ ಮರವಲ್ಲ, ಹುಲ್ಲು. ಕಬ್ಬು, ಬಿದಿರು, ಮಜ್ಜಿಗೆ ಹುಲ್ಲು ಅದರ ದಾಯಾದಿಗಳು. ಸುಗಂಧದವರು ಮಾತ್ರ ಅದರ ಬೇರಿನ ಎಣ್ಣೆಯನ್ನು ಶ್ರೀಗಂಧ, ದೇವದಾರುಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ಪಂಕ್ತಿ ಬದಲಾದರೆ ದಕ್ಷಿಣೆಯೂ ಬದಲಾಗಬೇಕಲ್ಲ!

ಗಂಡಸುತನ ಬಂದದ್ದು ಪ್ಯಾರಿಸ್ಸಿನಲ್ಲಿ. ತಮಿಳಿನ ವೆಟ್ಟಿವೇರ್ ಅಲ್ಲಿ ವೆಟಿವರ್ ಆಯಿತು. 1957ರಲ್ಲಿ ಕಾರ್ವೆನ್, 1959ರಲ್ಲಿ ಗೆರ್ಲಾಂ ಎಂಬ ಅಲ್ಲಿನ ಕಂಪನಿಗಳವರು ಅದೇ ಹೆಸರಿನಲ್ಲಿ ಗಂಡಸರ ಸೀಸೆ ತುಂಬಿದರು. 1921ರಲ್ಲಿ ಹೆಂಗಸರಿಗೆಂದು ಬಂದ ಶನೆಲ್ ನಂಬರ್ 5 ಸೆಂಟಿನ ತಳದಲ್ಲೂ ಇದೇ ಬೇರಿತ್ತು. ಆಗ ಅದಕ್ಕೆ ಇನ್ನೂ ಮೀಸೆ ಮೂಡಿರಲಿಲ್ಲ ಎಂದುಕೊಳ್ಳಬೇಕು. ಈಗ ಎಣ್ಣೆಯ ದೊಡ್ಡ ಪಾಲು ಹೈಟಿಯಿಂದ ಬರುತ್ತದೆ. ಅಲ್ಲಿ ಗುಡ್ಡ ಅಗೆಯುವವರು ಗಂಡು ಬೇರು, ಹೆಣ್ಣು ಬೇರು ಎಂದು ಬೇರೆ ಬೇರೆ ರಾಶಿ ಹಾಕುವುದಂತೂ ಇಲ್ಲ.

ಆಯಿಗೆ ವಿಷಯ ತಿಳಿಸಿದೆ. ‘ಮಾಣಿ, ಎಪ್ಪತ್ತು ವರ್ಷ ಆ ಕೊಡದ ನೀರು ಕುಡಿದಿದ್ದೇನೆ. ನನ್ನ ದನಿ ಏನಾದರೂ ಗಡುಸಾಗಿದೆಯೇ?’ ಎಂದು ಮೊಮ್ಮಗನನ್ನು ಕೇಳಿದಳು. ಅವನು, ‘ಅಮ್ಮಮ್ಮ, ಇದು ಎಂಟು ತಾಸು ಉಳಿಯುತ್ತದೆ’ ಎಂದ. ಕೇಳಿದ ಪ್ರಶ್ನೆಗೆ ಉತ್ತರ ಅದಲ್ಲ. ಆದರೆ ಅಂಗಡಿಯಲ್ಲಿ ಅವನಿಗೆ ಕಲಿಸಿದ್ದು ಅದೊಂದೇ.

ಮರುದಿನ ಕಾರವಾರದಲ್ಲಿ ಅವನ ಗೆಳೆಯನ ಮದುವೆ. ನಾನೂ ಜೊತೆಗೆ ಹೊರಟೆ. ದೇವಿಮನೆ ಘಟ್ಟ ಇಳಿದು ಕತಗಾಲ ಮುಟ್ಟುವುದರೊಳಗೆ ಅಂಗಿ ಬೆನ್ನಿಗೆ ಅಂಟಿ, ಎಂಟು ತಾಸು ಒಂದೂವರೆ ತಾಸಿಗೆ ಇಳಿದಿತ್ತು. ಕುಮಟಾದಲ್ಲಿ ಬಸ್ ಬದಲಿಸುವಾಗ ಮತ್ತೆ ನಾಲ್ಕು ಸಲ ಫುಸ್ಸೆನಿಸಿದ. ಅಂಕೋಲಾದಲ್ಲಿ ಖಾಲಿ ಮೀನುಬುಟ್ಟಿ ಹಿಡಿದು ಹತ್ತಿದ ಹೆಂಗಸೊಬ್ಬಳು ಅವನ ಪಕ್ಕ ಕೂತಳು. ಎರಡು ಸಲ ಮೂಗು ಅರಳಿಸಿ, ಅವನ ಕಾಲ ಬಳಿಯ ಬ್ಯಾಗಿನತ್ತ ನೋಡಿದಳು.

‘ತಮ್ಮಾ, ಲಾವಂಚದ ಹಾರ ಮಾರುವುದಕ್ಕೆ ಒಯ್ಯುತ್ತಿದ್ದೀಯಾ? ಜೋಡಿಗೆ ಎಷ್ಟು?’