ಈ ಸಾಧನವು ಸರಿಯಾಗಿ ಕೆಲಸ ಮಾಡುತ್ತಿದೆ

ನಿನ್ನೆ ಬೆಳಿಗ್ಗೆ ನನ್ನ ಕಂಪ್ಯೂಟರು ‘ಈ ಸಾಧನವು ಸರಿಯಾಗಿ ಕೆಲಸ ಮಾಡುತ್ತಿದೆ’ ಎಂಬ ಒಂದೇ ವಾಕ್ಯವನ್ನು ನನಗೆ ಐದು ಬಾರಿ ಹೇಳಿತು. ಐದು ಬಾರಿಯೂ ಅದರ ದನಿಯಲ್ಲಿ ಬೇಸರವಿರಲಿಲ್ಲ, ಸಂಕೋಚವಂತೂ ಇರಲೇ ಇಲ್ಲ. ಎದುರಿಗೆ ಕುಳಿತವನು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಅದರಿಂದ ಒಂದು ಪಿಸುಮಾತೂ ಕೇಳಿಸದೆ, ಪರದೆಯನ್ನು ದುರುಗುಟ್ಟಿ ನೋಡುತ್ತಿರುವಾಗ ಇಷ್ಟು ಸಮಾಧಾನದಿಂದ ಮಾತಾಡುವುದು ಯಂತ್ರಗಳಿಗೆ ಮಾತ್ರ ಸಾಧ್ಯ.

ಹತ್ತು ಗಂಟೆಗೆ ಮೀಟಿಂಗ್ ಇತ್ತು. ಒಂಬತ್ತೂ ನಲವತ್ತಕ್ಕೆ ಹೆಡ್‌ಸೆಟ್ಟಿನ ಗುಂಡಿ ಒತ್ತಿದೆ. ಅದರೊಳಗಿನ ಹೆಣ್ಣುದನಿ ಎಂದಿನಂತೆ ‘ಕನೆಕ್ಟೆಡ್’ ಎಂದು ಉಲಿಯಿತು. ವಿಂಡೋಸಿನ ಬ್ಲೂಟೂತ್ ಪಟ್ಟಿಯಲ್ಲಿ ಮಾತ್ರ ಹೆಡ್‌ಸೆಟ್ಟಿನ ಹೆಸರಿನ ಕೆಳಗೆ ‘ಪೇರ್ಡ್’ ಎಂದಷ್ಟೇ ಇತ್ತು. ಪೇರ್ಡ್ ಎಂದರೆ ಪರಿಚಯವಿದೆ, ಆದರೆ ಸದ್ಯಕ್ಕೆ ಮಾತುಕತೆಯಿಲ್ಲ ಎಂದರ್ಥ. ದೂರದ ನೆಂಟರೊಂದಿಗೆ ನಮಗಿರುವಂಥದೇ ಸಂಬಂಧ. ಅದೇ ಪಟ್ಟಿಯಲ್ಲಿ ಮೌಸ್ ‘ಕನೆಕ್ಟೆಡ್’ ಎಂದು ಹಲ್ಲು ಕಿರಿಯುತ್ತಿತ್ತು. ಅದರ ಕೆಳಗೆ, ಮೂರು ವರ್ಷದ ಹಿಂದೆ ಬೇರೆ ಊರಿಗೆ ಕೆಲಸಕ್ಕೆ ಹೋದ ಮಗಳ ಸ್ಪೀಕರ್ ಇತ್ತು. ಅದಕ್ಕೆ ಅವಳು ಇಟ್ಟ ಹೆಸರು ‘ಅಪ್ಪ ಮುಟ್ಟಬೇಡಿ’.

ಮೊದಲಿಗೆ ದೋಷ ಹುಡುಕುವ ಟ್ರಬಲ್‌ಶೂಟರನ್ನು ಓಡಿಸಿದೆ. ಸುಖಾಸುಮ್ಮನೆ ಮೂರು ನಿಮಿಷ ಹುಡುಕಾಡಿದ ಅದು, ಸಮಸ್ಯೆ ಏನೆಂದು ಗುರುತಿಸಲಾಗಲಿಲ್ಲ ಎಂದು ವರದಿ ಒಪ್ಪಿಸಿ, ಇದರಿಂದ ನಿಮಗೆ ಉಪಯೋಗವಾಯಿತೇ ಎಂದು ಕೇಳಿತು. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಬೇಕಾದ ಗುಂಡಿಯನ್ನು ಅವರು ಇನ್ನೂ ಮಾಡಿಲ್ಲ. ಬಳಿಕ ಕಂಪ್ಯೂಟರಿನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರನ್ನು ತೆರೆದು, ಬ್ಲೂಟೂತ್ ಅಡಾಪ್ಟರೆಂಬ ಒಳಭಾಗವನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಅಪ್‌ಡೇಟ್ ಮಾಡಲು ಹೇಳಿದೆ. ನಿಮ್ಮ ಸಾಧನಕ್ಕೆ ತಕ್ಕ ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ ಎಂದಿತು. ಅತ್ಯುತ್ತಮವಾದದ್ದು ಯಾವ ಕಾಲದ್ದು ನೋಡೋಣವೆಂದು ಡ್ರೈವರ್ ಪುಟಕ್ಕೆ ಹೋದರೆ, ಅಲ್ಲಿ ನಮೂದಾಗಿದ್ದ ದಿನಾಂಕ 21-6-2006.

ನನ್ನ ಸಹನೆ ಹರಿದದ್ದು ಅಲ್ಲಿ. ಈ ಕಂಪ್ಯೂಟರನ್ನು ನಾನು ಕೊಂಡು ನಾಲ್ಕು ವರ್ಷವೂ ಆಗಿಲ್ಲ. ಅದರೊಳಗೆ 2006ರ ಮುದಿ ಡ್ರೈವರನ್ನು ಕೂರಿಸಿ ಅತ್ಯುತ್ತಮ ಎನ್ನುತ್ತಾರಲ್ಲ ಎಂದು ರೇಗಿಹೋಯಿತು. ಈ ಮುದಿಯನ ಕೈಯಲ್ಲಿ ಲಗಾಮು ಇರುವುದರಿಂದಲೇ ಹೆಡ್‌ಸೆಟ್ ದಿಕ್ಕು ತಪ್ಪಿದೆ ಎಂದು ತೀರ್ಮಾನಿಸಿ, ಅಡಾಪ್ಟರಿನ ಮೇಲೆ ಬಲಗುಂಡಿ ಒತ್ತಿ, ‘ಅನ್‌ಇನ್‌ಸ್ಟಾಲ್’ ಆರಿಸಿ, ಖಚಿತವೇ ಎಂದು ಅದು ಕೇಳಿದಾಗ ಖಚಿತವೆಂದೂ ಒತ್ತಿದೆ.

ಬಾಣದ ಗುರುತು ಆ ಗುಂಡಿಯ ಮೇಲೆಯೇ ನಿಂತುಬಿಟ್ಟಿತು.

ಕೆಲವೊಮ್ಮೆ ಕಂಪ್ಯೂಟರು ಹೀಗೆ ಕ್ಷಣಕಾಲ ಮಂಕಾಗುವುದುಂಟು ಎಂದು ಕಾದೆ. ಮೌಸನ್ನು ಎಡಕ್ಕೆಳೆದೆ, ಬಲಕ್ಕೆಳೆದೆ, ಮೇಜಿನ ಮೇಲೆ ದೊಡ್ಡ ಸೊನ್ನೆಗಳನ್ನು ಬರೆದೆ. ಬೋರಲು ಹಾಕಿ ಹೊಟ್ಟೆಯನ್ನು ನೋಡಿದೆ, ದೀಪ ಮಿನುಗುತ್ತಿತ್ತು. ಅಂಗೈಗೆ ಎರಡು ಸಲ ಬಡಿದೆ. ಊದಿದೆ. ಏನಾದರೂ ಸದ್ದು ಬರುತ್ತಿದೆಯೋ ಎಂದು ಕಿವಿಯ ಬಳಿ ಹಿಡಿದು ಅಲುಗಿಸಿದೆ. ಸೆಲ್ ಮುಗಿದಿರಬೇಕೆಂದು ಗೋಡೆ ಗಡಿಯಾರದ ಸೆಲ್ ಬಿಚ್ಚಿ ತಂದು ಹಾಕಿದೆ. ಹೀಗಾಗಿ ಗಡಿಯಾರವೂ ಒಂಬತ್ತೂ ಐವತ್ತೆಂಟಕ್ಕೆ ನಿಂತಿತು. ಈ ನಡುವೆ ಮೌಸನ್ನೂ ಅದರ ವಂಶವನ್ನೂ ಉದ್ದೇಶಿಸಿ ಬಹಿರಂಗವಾಗಿ ಹೇಳಲಾಗದ ಕೆಲವು ಮಾತುಗಳನ್ನು ಆಡಿದೆ. ಮೌಸ್ ಕೂಡ ಬ್ಲೂಟೂತಿನದೇ ಸಂತಾನ, ಹೆಡ್‌ಸೆಟ್ಟನ್ನು ಸರಿಪಡಿಸಲು ಹೊರಟ ನಾನು ಕೈಯಲ್ಲಿ ಹಿಡಿದ ಅಸ್ತ್ರದಿಂದಲೇ ಆ ಅಸ್ತ್ರದ ಪ್ರಾಣ ತೆಗೆದಿದ್ದೇನೆ ಎಂಬುದು ಹೊಳೆಯಲು ಸುಮಾರು ಹತ್ತು ನಿಮಿಷ ಹಿಡಿಯಿತು.

ಇದಾದರೂ ನಾನು ಒಬ್ಬನೇ ಅನುಭವಿಸಿದ ಅವಮಾನವಾಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಮೀಟಿಂಗಿಗೆ ತಡವಾಗಬಾರದೆಂಬ ಶಿಸ್ತಿನಿಂದ ನಾನು ಮೊದಲೇ ಒಳಹೊಕ್ಕು, ಕ್ಯಾಮೆರಾ ಹಾಕಿ, ‘ಹೆಡ್‌ಸೆಟ್ ಬರುತ್ತಿಲ್ಲ, ಎರಡು ನಿಮಿಷ’ ಎಂದು ಟೈಪ್ ಮಾಡಿಟ್ಟಿದ್ದೆ. ಆ ಕಿಟಕಿ ಡಿವೈಸ್ ಮ್ಯಾನೇಜರಿನ ಹಿಂದೆ ಮುಚ್ಚಿಹೋಗಿತ್ತು. ಹೆಡ್‌ಸೆಟ್ ಸಿಗದಿದ್ದಾಗ ವಿಂಡೋಸ್ ತಾನಾಗಿಯೇ ಕ್ಯಾಮೆರಾದೊಳಗಿನ ಮೈಕನ್ನು ಹಿಡಿದುಕೊಂಡಿತ್ತು. ಆ ದಿನ ಅದು ಕೇಳದೆಯೇ ಮಾಡಿದ ಏಕೈಕ ಉಪಕಾರ ಅದು. ಹಾಗಾಗಿ ಎಂಟು ಮಂದಿ ಸಹೋದ್ಯೋಗಿಗಳು ನಾನು ಮೌಸನ್ನು ಊದಿದ್ದನ್ನು ನೋಡಿದರು, ಅದಕ್ಕೆ ಬೈದದ್ದನ್ನೂ ಕೇಳಿಸಿಕೊಂಡರು. ಅವರು ಕೂಗಿ ಹೇಳಿದ್ದೇನೂ ನನಗೆ ಕೇಳಿಸಲಿಲ್ಲ. ಕೊನೆಗೆ ಕೀಬೋರ್ಡಿನಿಂದ ಕಿಟಕಿಗಳನ್ನು ತಿರುವಿ ಮೀಟಿಂಗನ್ನು ಮುಂದಕ್ಕೆ ತಂದಾಗ, ತಂಡದ ಅತಿ ಕಿರಿಯ ಹುಡುಗಿ ಬರೆದಿದ್ದ ಸಂದೇಶ ಕಾಣಿಸಿತು: ‘ಸರ್, ಮೈಕ್ ಆನ್ ಇದೆ.’ ಅದರ ಕೆಳಗೆ ಐದು ನಿಮಿಷ ಬಿಟ್ಟು ಮತ್ತೊಂದು: ‘ಸರ್, ಮೌಸ್ ಬ್ಲೂಟೂತಾ?’

ಮೌಸ್ ಇಲ್ಲದ ವಿಂಡೋಸಿನಲ್ಲಿ ಟ್ಯಾಬ್ ಒತ್ತೊತ್ತಿ ಸಾಗುವುದೆಂದರೆ ಕತ್ತಲೆಯ ಕೋಣೆಯಲ್ಲಿ ಗೋಡೆ ಸವರಿಕೊಂಡು ಸ್ವಿಚ್ ಹುಡುಕಿದ ಹಾಗೆ. ಬೇಕಾದ ಗುಂಡಿಗಿಂತ ಒಂದು ಹೆಜ್ಜೆ ಮುಂದೆ ಹೋದರೆ ಇಡೀ ಪ್ರದಕ್ಷಿಣೆ ಮತ್ತೆ ಹಾಕಬೇಕು. ಹಾಗೂ ಹೀಗೂ ಹೊಸ ಹಾರ್ಡ್‌ವೇರನ್ನು ಹುಡುಕುವ ಆಜ್ಞೆ ಕೊಟ್ಟೆ. ಬ್ಲೂಟೂತ್ ಬರಲಿಲ್ಲ. ಅದರ ಬದಲು, ಹಳದಿ ತ್ರಿಕೋನ ಹೊತ್ತ ‘ಅಪರಿಚಿತ ಯುಎಸ್‌ಬಿ ಸಾಧನ’ವೊಂದು ಯುಎಸ್‌ಬಿ ಸಾಲಿನಲ್ಲಿ ಬಂದು ಕುಳಿತಿತ್ತು, ವಿವರ ಕೇಳಿದರೆ ಕೋಡ್ 43 ಎಂಬ ದೋಷಸಂಖ್ಯೆ. ಕಂಪ್ಯೂಟರಿನ ಹೊಟ್ಟೆಯಲ್ಲಿರುವ ಬ್ಲೂಟೂತ್ ಚಿಪ್ ಒಳಗೊಳಗೇ ಯುಎಸ್‌ಬಿ ದಾರಿಯಲ್ಲಿ ಸೇರಿಕೊಂಡಿರುತ್ತದೆ, ದಿಕ್ಕೆಟ್ಟು ತನ್ನ ಹೆಸರನ್ನೂ ಹೇಳಲಾರದ ಸ್ಥಿತಿಗೆ ಬಂದಾಗ ಹೀಗೆ ಅಪರಿಚಿತವಾಗಿ ಕಾಣಿಸಿಕೊಳ್ಳುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ನೋಡಿದರೆ ಬ್ಲೂಟೂತಿನ ಸ್ವಿಚ್ಚೇ ಮಾಯವಾಗಿತ್ತು. ಪಟ್ಟಿಯೂ ಇಲ್ಲ. ಹೆಡ್‌ಸೆಟ್ಟಾಗಲಿ ಮೌಸಾಗಲಿ ಹೋದದ್ದಕ್ಕಿಂತ ಮೊದಲು ನನ್ನ ಕಣ್ಣು ಹುಡುಕಿದ್ದು ‘ಅಪ್ಪ ಮುಟ್ಟಬೇಡಿ’ ಎಂಬ ಸಾಲನ್ನು. ಆ ಸ್ಪೀಕರ್ ಈಗ ಎಲ್ಲಿದೆಯೋ, ಕೆಟ್ಟೇಹೋಗಿದೆಯೋ ಗೊತ್ತಿಲ್ಲ. ಬೇಡದ ಸಾಧನಗಳನ್ನು ಪಟ್ಟಿಯಿಂದ ತೆಗೆದುಹಾಕಿ ಎಂಬ ಸಲಹೆಯನ್ನು ಓದಿದಾಗಲೆಲ್ಲ ನಾನು ಅದೊಂದನ್ನು ಬಿಟ್ಟು ಉಳಿದವನ್ನು ತೆಗೆದಿದ್ದೆ.

ಮೂರು ಬಾರಿ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದೆ. ಅಪರಿಚಿತ ಅಲ್ಲಾಡಲಿಲ್ಲ. ಅನಿವಾರ್ಯವಾಗಿ ಅಕ್ಕನ ಮಗನಿಗೆ ಫೋನ್ ಮಾಡಬೇಕಾಯಿತು. ನನ್ನ ಫೋನು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇದ್ದುದರಿಂದ ಹೆಂಡತಿಯ ಫೋನಿನಿಂದಲೇ ಮಾಡಿದೆ. ಈ ಹುಡುಗನಿಗೊಂದು ಅಭ್ಯಾಸವಿದೆ: ನಾನು ಫೋನ್ ಮಾಡಿದರೆ ಹಲೋ ಎನ್ನುವುದಿಲ್ಲ, ‘ರೀಸ್ಟಾರ್ಟ್ ಮಾಡಿದ್ರಾ?’ ಎನ್ನುತ್ತಾನೆ. ಪ್ರಿಂಟರ್ ಮುದ್ರಿಸದಿದ್ದರೂ ಅದೇ, ಟಿವಿಯಲ್ಲಿ ಚಿತ್ರ ಬಾರದಿದ್ದರೂ ಅದೇ. ಹೋದ ತಿಂಗಳು ಅವನ ಹುಟ್ಟುಹಬ್ಬಕ್ಕೆ ಶುಭ ಕೋರಲು ಮಾಡಿದಾಗಲೂ ಅದನ್ನೇ ಕೇಳಿ, ಆಮೇಲೆ ಥ್ಯಾಂಕ್ಸ್ ಮಾವ ಎಂದ. ಅತ್ತೆಯ ನಂಬರೆಂದು ಈ ಸಲವಾದರೂ ನಮಸ್ಕಾರ ಹೇಳುತ್ತಾನೇನೋ ಎಂದುಕೊಂಡಿದ್ದೆ. ‘ಹೇಳಿ ಅತ್ತೆ’ ಎಂದವನು ನನ್ನ ದನಿ ಕೇಳಿದ್ದೇ ತಡ, ‘ಮಾವ, ರೀಸ್ಟಾರ್ಟ್ ಮಾಡಿದ್ರಾ?’ ಎಂದ.

ಮೂರು ಸಲ ಪೂರ್ತಿ ಆರಿಸಿಯೇ ಹಚ್ಚಿದ್ದೇನೆ, ಅದು ನಿನ್ನ ರೀಸ್ಟಾರ್ಟಿಗಿಂತ ಹೆಚ್ಚಿನದು ಎಂದೆ. ಅವನು ನಿಟ್ಟುಸಿರುಬಿಟ್ಟದ್ದು ಕೇಳಿಸಿತು. ಶಟ್‌ಡೌನ್ ಬೇರೆ, ರೀಸ್ಟಾರ್ಟ್ ಬೇರೆಯಂತೆ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದೊಂದು ಬಂದು, ನಾವು ಶಟ್‌ಡೌನ್ ಮಾಡಿದಾಗ ಕಂಪ್ಯೂಟರು ತನ್ನ ಒಳಮನಸ್ಸನ್ನೂ ಡ್ರೈವರುಗಳ ಸ್ಥಿತಿಯನ್ನೂ ಡಿಸ್ಕಿನಲ್ಲಿ ಬಚ್ಚಿಟ್ಟು, ಹಚ್ಚಿದಾಗ ಅಲ್ಲಿಂದಲೇ ಮುಂದುವರಿಸುತ್ತದಂತೆ. ಮೊದಲಿನಿಂದ ಎಲ್ಲವನ್ನೂ ಆರಂಭಿಸುವುದು ರೀಸ್ಟಾರ್ಟ್ ಮಾತ್ರವಂತೆ. ಅಂದರೆ ಆರಿಸಿದರೆ ಆರುವುದಿಲ್ಲ, ಆರಿಸಬೇಕಾದರೆ ಆರಿಸಬಾರದು. ಇದನ್ನು ನಿರ್ಧರಿಸಿದ ಸಭೆಯಲ್ಲಿ ಯಾರೂ ಎದ್ದು ಪ್ರಶ್ನಿಸಲಿಲ್ಲವೇ? 2006ರ ದಿನಾಂಕದ ಬಗ್ಗೆಯೂ ದೂರಿದೆ. ಅದು ಬೇಕೆಂದೇ ಹಾಕಿದ ಹಳೆಯ ದಿನಾಂಕ, ವಿಂಡೋಸಿನ ಜೊತೆಗೇ ಬರುವ ಹೆಚ್ಚಿನ ಡ್ರೈವರುಗಳಿಗೆ ಅದೇ ತಾರೀಖು, ಸಾಧನ ತಯಾರಿಸಿದವರ ಸ್ವಂತ ಡ್ರೈವರ್ ಬಂದರೆ ಅದೇ ಹೊಸದೆಂದು ಗೆಲ್ಲಲಿ ಎಂದು ಹೀಗೆ ಮಾಡಿದ್ದಾರೆ, ಒಳಗಿರುವುದು ಮುದಿಯಲ್ಲ ಎಂದ. ನಾನು ಬೇರೆ ವಿಷಯಕ್ಕೆ ಹೊರಳಿದೆ.

ರೀಸ್ಟಾರ್ಟಿಗೂ ಅಪರಿಚಿತ ಜಗ್ಗಲಿಲ್ಲ ಎಂಬುದು ನನಗೆ ಒಳಗೊಳಗೇ ಖುಷಿಯನ್ನೇ ಕೊಟ್ಟಿತು. ಆದರೆ ಅವನು ಸೋಲುವವನಲ್ಲ. ‘ಹಾಗಾದರೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ ಮಾವ. ಕಂಪ್ಯೂಟರ್ ಆರಿದ್ದರೂ ಆ ಚಿಪ್ಪಿಗೆ ಸಣ್ಣಗೆ ಕರೆಂಟ್ ಹೋಗ್ತಾನೇ ಇರುತ್ತೆ, ಅದೂ ನಿಲ್ಲಬೇಕು’ ಎಂದ. ಇದು ರೀಸ್ಟಾರ್ಟ್ ಅಲ್ಲವಲ್ಲ ಎಂದು ಚುಚ್ಚಿದೆ. ‘ಇದೂ ರೀಸ್ಟಾರ್ಟೇ. ನಿಧಾನದ್ದು’ ಎಂದ.

ಪ್ಲಗ್ ಕಿತ್ತು ನಿಂತ ಗಡಿಯಾರದ ಎದುರು ಹತ್ತು ನಿಮಿಷ ಕುಳಿತೆ. ಬ್ಲೂಟೂತ್ ಎಂಬುದು 10ನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ದೊರೆಯ ಅಡ್ಡಹೆಸರು. ಚದುರಿದ ನಾಡನ್ನು ಒಂದುಗೂಡಿಸಿದವನೆಂಬ ಕೀರ್ತಿ ಅವನಿಗಿದ್ದುದರಿಂದ, ಬೇರೆ ಬೇರೆ ಸಾಧನಗಳನ್ನು ಬೆಸೆಯುವ ಈ ತಂತ್ರಕ್ಕೆ 1997ರಲ್ಲಿ ತಾತ್ಕಾಲಿಕವಾಗಿ ಆ ಹೆಸರನ್ನು ಸೂಚಿಸಿದರು, ಅದೇ ಖಾಯಂ ಆಯಿತು. ಇದರಲ್ಲಿ ಹಾಡೂ ಮಾತೂ ಹರಿಯುವಾಗ ಸೆಕೆಂಡಿಗೆ 1600 ಬಾರಿಯವರೆಗೂ ತರಂಗ ಬದಲಿಸಿ ಜಿಗಿಯುತ್ತದೆ. ಅಷ್ಟು ಜಿಗಿಯುವ ಶಕ್ತಿಯುಳ್ಳದ್ದಕ್ಕೆ ಮೇಜಿನಿಂದ ನನ್ನ ಕಿವಿಯವರೆಗಿನ ಒಂದು ಮೊಳ ದಾಟಲಾಗಲಿಲ್ಲವಲ್ಲ ಎಂದು ಮತ್ತೆ ಸಿಟ್ಟು ಬಂತು.

ಪ್ಲಗ್ ಸಿಕ್ಕಿಸಿದೆ. ಎಲ್ಲವೂ ಬಂತು. ಸ್ವಿಚ್ ಬಂತು, ಮೌಸಿನ ಬಾಣ ಏನೂ ಆಗದವರಂತೆ ಓಡಾಡಿತು, ಪಟ್ಟಿಯ ಕೊನೆಯಲ್ಲಿ ‘ಅಪ್ಪ ಮುಟ್ಟಬೇಡಿ’ ಕೂಡ ಹಾಗೆಯೇ ಇತ್ತು. ಹೆಡ್‌ಸೆಟ್ಟಿನ ಕೆಳಗೆ ಮಾತ್ರ ಅದೇ ‘ಪೇರ್ಡ್’. ಅಡಾಪ್ಟರನ್ನು ಕೇಳಿದರೆ, ಈ ಸಾಧನವು ಸರಿಯಾಗಿ ಕೆಲಸ ಮಾಡುತ್ತಿದೆ. ಅದು ಐದನೆಯ ಸಲ.

ಈಗ ಬಿಡುವುದಿಲ್ಲ, ಈ ಹುಡುಗನ ನಿಧಾನದ ರೀಸ್ಟಾರ್ಟಿನ ಬಣ್ಣ ಬಯಲು ಮಾಡಿಯೇ ತೀರುತ್ತೇನೆ ಎಂದು ಮಲಗುವ ಕೋಣೆಗೆ ನುಗ್ಗಿ, ಚಾರ್ಜಿನಲ್ಲಿದ್ದ ನನ್ನ ಫೋನನ್ನು ಕಿತ್ತು ತಂದು, ಕುರ್ಚಿಯಲ್ಲಿ ಕೂರುತ್ತಾ ಅವನ ನಂಬರು ಒತ್ತಿದೆ. ಫೋನನ್ನು ಕಿವಿಗೆ ಒತ್ತಿಕೊಂಡರೆ ರಿಂಗಿನ ಸದ್ದೇ ಇಲ್ಲ. ಪರದೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು, ಅಂದರೆ ಅವನು ಎತ್ತಿದ್ದ. ಹಲೋ, ಹಲೋ ಎಂದೆ. ಫೋನು ನಿಶ್ಶಬ್ದ. ಆಗ ಮೇಜಿನ ಮೂಲೆಯಲ್ಲಿ, ಬೆಳಿಗ್ಗೆಯಿಂದ ನಾನು ಕಿತ್ತೆಸೆದಿದ್ದ ಹೆಡ್‌ಸೆಟ್ಟಿನೊಳಗಿಂದ ಸಣ್ಣ ದನಿಯೊಂದು ಸ್ಪಷ್ಟವಾಗಿ ಕೇಳಿಸಿತು:

‘ಮಾವ, ರೀಸ್ಟಾರ್ಟ್ ಮಾಡಿದ್ರಾ?’